ದಿಕ್ಕು ತಪ್ಪಿಸದ ದಿಗ್ದರ್ಶಕ: ಕೆ. ವಿ. ರೆಡ್ಡಿಯವರು

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಸುಮಾರು 350 ಕಿಲೋಮೀಟರುಗಳ ದಾರಿ. ಕೃಷ್ಣಾ ತೀರವನ್ನು ಬಿಟ್ಟ ಗಾಡಿಯು ರಾಜಮಹೇಂದ್ರಿಯ ಬಳಿ ಗೋದಾವರಿಯ ದೊಡ್ಡ ಸೇತುವೆಯನ್ನು ದಾಟಿ, ಬಲಗಡೆಗೆ ಸಮುದ್ರವನ್ನೂ ಎಡಗಡೆಗೆ ಪೂರ್ವಘಟ್ಟಗಳನ್ನೂ ದೂರದಲ್ಲಿರಿಸಿಕೊಂಡು ಈಶಾನ್ಯ ದಿಕ್ಕಿಗೆ ಓಡುತ್ತದೆ. ಈ ಪ್ರಯಾಣವನ್ನು ನಾವು ಚಲಚ್ಚಿತ್ರದಲ್ಲಿ ತೋರಿಸಬೇಕಾಗಿದೆ ಎಂದು ಭಾವಿಸೋಣ. ಮೊದಲು ನಮ್ಮ ಕ್ಯಾಮರಾವನ್ನು ಹಳಿಯ ಸಮುದ್ರದ ಕಡೆಯಲ್ಲಿ ನಿಲ್ಲಿಸುತ್ತೇವೆ. ಪರದೆಯ ಮೇಲೆ ಗಾಡಿಯು ಎಡದಿಂದ ಬಲಕ್ಕೆ ಓಡುತ್ತದೆ. ಮುಂದೊಂದು ಊರಿನಲ್ಲಿ ಯಾವ ಯೋಚನೆಯೂ ಇಲ್ಲದೆ ಹಳಿಯನ್ನು ದಾಟಿ, ಬೆಟ್ಟದ ಕಡೆಯಲ್ಲಿ ಕ್ಯಾಮರಾವನ್ನು ಇಡುತ್ತೇವೆ. ಗಾಡಿ ಅದೇ, ದಾರಿ ಅದೇ, ಅದು ಹೋಗುತ್ತಿರುವ ಊರೂ ಅದೇ. ಆದರೆ ಈಗ ಪರದೆಯ ಮೇಲೆ ಅದು ಬಲದಿಂದ ಎಡಕ್ಕೆ ಓಡುತ್ತದೆ! ಎರಡು ತುಂಡುಗಳನ್ನು ಒಂದರ ಹಿಂದೊಂದು ಜೋಡಿಸಿ ತೋರಿಸಿದರೆ, ನೋಡುವವನು ಗಾಡಿಯು ವಿಶಾಖಪಟ್ಟಣವನ್ನು ಸೇರುವ ಮೊದಲೇ ವಿಜಯವಾಡಕ್ಕೆ ಹಿಂದಿರುಗಿತೆಂದು ತಿಳಿಯುತ್ತಾನೆ.

ಇಂದು ನಾವು ನಿರ್ದೇಶಕ ಎಂದು ಕರೆಯುವವನನ್ನು ಹಿಂದಿನವರು ದಿಗ್ದರ್ಶಕ ಎಂದು ಕರೆಯುತ್ತಿದ್ದರು. ದಿಕ್ಕನ್ನು ತೋರಿಸುವವನು ಎಂಬುದು ಆ ಮಾತಿನ ನೇರವಾದ ಅರ್ಥ. ಕತ್ತಲೆಯ ಮಂದಿರದಲ್ಲಿ ಕುಳಿತ ಸಾವಿರ ಮಂದಿಗೆ ಎಡ ಬಲಗಳ ಭ್ರಮೆ ಹುಟ್ಟದಂತೆ, ಯಾರು ಯಾರನ್ನು ನೋಡುತ್ತಿದ್ದಾರೆ, ಯಾರು ಎತ್ತ ಹೋಗುತ್ತಿದ್ದಾರೆ ಎಂಬ ಅರಿವು ಒಂದು ಕ್ಷಣವೂ ತಪ್ಪದಂತೆ ಕಥೆಯನ್ನು ನಡೆಸುವುದು ಅವನ ಹೊಣೆ. ಈ ಹೊಣೆಯನ್ನು ವ್ರತದಂತೆ ಪಾಲಿಸಿದ ಮಹನೀಯರೊಬ್ಬರ ಜೀವನವನ್ನು ಈ ವರ್ಷ ನಮ್ಮ ಸಂಚಿಕೆಯ ಓದುಗರ ಮುಂದೆ ಇಡಲು ಬಯಸಿದ್ದೇವೆ. ಅವರೇ ‘ಪಾತಾಳಭೈರವಿ’, ‘ಮಾಯಾಬಜಾರ್’ ಚಿತ್ರಗಳ ದಿಗ್ದರ್ಶಕರಾದ ಕದಿರಿ ವೆಂಕಟರೆಡ್ಡಿಯವರು. ಜನರು ಅವರನ್ನು ಕೆ. ವಿ. ರೆಡ್ಡಿ ಎಂದೇ ಬಲ್ಲರು.

ವೆಂಕಟರೆಡ್ಡಿಯವರು 1912ನೆಯ ಇಸವಿ ಜುಲೈ 1ರಂದು ಅನಂತಪುರ ಜಿಲ್ಲೆಯ ತಾಡಿಪತ್ರಿಯಲ್ಲಿ ಜನಿಸಿದರು. ಈ ಊರು ನಮಗೆ ಹೊರಗಿನದಲ್ಲ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ಉತ್ತರ ಪಿನಾಕಿನಿಯು ತಾಡಿಪತ್ರಿಯ ಮಗ್ಗುಲಲ್ಲಿಯೇ ಹರಿದು ಮುಂದೆ ಸಾಗುತ್ತದೆ. ವಿಜಯನಗರದ ಅರಸರ ಕಾಲದ ಬುಗ್ಗರಾಮಲಿಂಗೇಶ್ವರ ಮತ್ತು ಚಿಂತಲ ವೆಂಕಟರಮಣ ದೇವಾಲಯಗಳು ಅಲ್ಲಿವೆ. ಕನ್ನಡ ತೆಲುಗುಗಳೆರಡೂ ನೆರೆಹೊರೆಯ ಮನೆಗಳಂತೆ ಬಾಳುವ ಸೀಮೆ ಅದು. ಆ ದೇವಾಲಯಗಳ ಗೋಡೆಗಳ ಮೇಲೆ ರಾಮಾಯಣ, ಭಾಗವತಗಳ ಕಥೆಗಳನ್ನು ಶಿಲ್ಪಿಗಳು ಸಾಲುಸಾಲಾಗಿ ಕೆತ್ತಿದ್ದಾರೆ. ಸಾಲಿನ ದಿಕ್ಕನ್ನು ಹಿಡಿದು ನಡೆದವನಿಗೆ ಕಥೆ ತಾನಾಗಿ ತೆರೆದುಕೊಳ್ಳುತ್ತದೆ. ದಿಕ್ಕನ್ನು ಬಿಟ್ಟವನಿಗೆ ಬಿಡಿಬಿಡಿಯಾದ ಬೊಂಬೆಗಳು ಮಾತ್ರ ಕಾಣುತ್ತವೆ. ಮುಂದೆ ಕಥೆಯನ್ನು ಚಿತ್ರಗಳ ಸಾಲಿನಲ್ಲಿ ಹೇಳುವುದನ್ನೇ ಕಸುಬಾಗಿ ಹಿಡಿದವರು ಇಂಥ ಊರಿನಲ್ಲಿ ಬೆಳೆದರೆಂಬುದನ್ನು ನೆನೆದರೆ ನಮಗೆ ಸಂತೋಷವಾಗುತ್ತದೆ.

ಮದರಾಸಿನಲ್ಲಿ ಕಾಲೇಜು ಶಿಕ್ಷಣವನ್ನು ಮುಗಿಸಿದ ವೆಂಕಟರೆಡ್ಡಿಯವರು ಚಿತ್ರೋದ್ಯಮವನ್ನು ಹೊಕ್ಕದ್ದು ಕ್ಯಾಮರಾದ ಹಿಂದಿನಿಂದಲ್ಲ, ಹಣದ ಪೆಟ್ಟಿಗೆಯ ಹಿಂದಿನಿಂದ. 1938ರಲ್ಲಿ ರೋಹಿಣಿ ಸಂಸ್ಥೆಯವರು ‘ಗೃಹಲಕ್ಷ್ಮಿ’ ಎಂಬ ತೆಲುಗು ಚಿತ್ರವನ್ನು ತೆಗೆದಾಗ ಅವರು ಅಲ್ಲಿ ಕ್ಯಾಷಿಯರ್ ಆಗಿದ್ದರು. ಆ ಚಿತ್ರದ ದಿಗ್ದರ್ಶಕರು ನಮ್ಮ ಬೆಂಗಳೂರಿನಲ್ಲಿ ಜನಿಸಿ, 1932ರಲ್ಲಿ ತೆಲುಗಿನ ಮೊದಲ ವಾಕ್ಚಿತ್ರವಾದ ‘ಭಕ್ತ ಪ್ರಹ್ಲಾದ’ವನ್ನು ತೆಗೆದ ಎಚ್. ಎಂ. ರೆಡ್ಡಿಯವರು. ಬಳಿಕ ಬಿ. ಎನ್. ರೆಡ್ಡಿಯವರೂ ತಾಡಿಪತ್ರಿಯವರೇ ಆದ ಮೂಲಾ ನಾರಾಯಣಸ್ವಾಮಿಯವರೂ ಸೇರಿ ವಾಹಿನಿ ಸಂಸ್ಥೆಯನ್ನು ನಡೆಸಿದಾಗ, ವೆಂಕಟರೆಡ್ಡಿಯವರು ಅದರ ಚಿತ್ರಗಳಿಗೆ ಪ್ರೊಡಕ್ಷನ್ ಮ್ಯಾನೇಜರಾದರು. ಎಷ್ಟು ಜನಕ್ಕೆ ಊಟ, ಎಷ್ಟು ಬಂಡಿ ಮರಮುಟ್ಟು, ಎಷ್ಟು ಅಡಿ ಫಿಲ್ಮು ಎಂಬ ಲೆಕ್ಕಗಳಲ್ಲಿಯೇ ಅವರ ಕೆಲವು ವರ್ಷಗಳು ಕಳೆದವು. ಇದನ್ನು ಯಾರೂ ಕೀಳು ಕೆಲಸವೆಂದು ತಿಳಿಯಬಾರದು. ಒಂದು ದೃಶ್ಯವನ್ನು ಯೋಚನೆಯಿಲ್ಲದೆ ತೆಗೆದರೆ ಎಷ್ಟು ಹಣ ಪೋಲಾಗುತ್ತದೆ ಎಂಬುದನ್ನು ಅವರು ತಮ್ಮ ಕೈಯಾರೆ ಬರೆದ ಲೆಕ್ಕದಿಂದಲೇ ಕಲಿತರು. ಮುಂದೆ ಅವರ ಕಲೆಗೆ ಅಸ್ತಿಭಾರವಾದದ್ದು ಈ ಪಾಠವೇ.

ಅವರಿಗೆ ಮೊದಲ ಬಾರಿಗೆ ದಿಗ್ದರ್ಶನದ ಹೊಣೆ ದೊರೆತ ಕಾಲ ಬಹಳ ಕಷ್ಟದ್ದು. ಎರಡನೆಯ ಮಹಾಯುದ್ಧವು ನಮ್ಮ ಕರಾವಳಿಯನ್ನು ಮುಟ್ಟಿತ್ತು. 1942ನೆಯ ಇಸವಿ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಸುರಿದವು. ಕಾಕಿನಾಡದ ಮೇಲೂ ದಾಳಿಯಾಯಿತು. ಮರುದಿನಗಳಲ್ಲಿ ಮದರಾಸಿನ ಜನರು ಮನೆಗಳಿಗೆ ಬೀಗ ಹಾಕಿ ಒಳನಾಡಿಗೆ ಹೊರಟರು. ಹಡಗುಗಳ ಸಂಚಾರಕ್ಕೆ ತೊಡಕಾಗಿ, ಹೊರದೇಶಗಳಿಂದ ಬರಬೇಕಾಗಿದ್ದ ಕಚ್ಚಾ ಫಿಲ್ಮು ದುರ್ಲಭವಾಯಿತು. ಇಂಥ ದಿನಗಳಲ್ಲಿ ರೆಡ್ಡಿಯವರು ಚಿತ್ತೂರು ನಾಗಯ್ಯನವರನ್ನು ನಾಯಕರನ್ನಾಗಿರಿಸಿ ‘ಭಕ್ತ ಪೋತನ’ ಚಿತ್ರವನ್ನು ತೆಗೆದರು. ಜನರು ಅದನ್ನು ತುಂಬು ಮನಸ್ಸಿನಿಂದ ಆದರಿಸಿದರು. 1947ರಲ್ಲಿ ನಾಗಯ್ಯನವರೇ ಅಭಿನಯಿಸಿದ ‘ಯೋಗಿ ವೇಮನ’ವೂ, 1949ರಲ್ಲಿ ಷೇಕ್ಸ್‌ಪಿಯರ್ ಮಹಾಕವಿಯ ಲಿಯರ್ ರಾಜನ ಕಥೆಯ ನೆರಳಿನಲ್ಲಿ ಹೆಣೆದ ‘ಗುಣಸುಂದರಿ ಕಥೆ’ಯೂ ಹೊರಬಂದವು.

ಇಲ್ಲಿ ಸ್ವಲ್ಪ ನಿಂತು, ಚಲಚ್ಚಿತ್ರದ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನಾವು ಅರಿಯಬೇಕು. ಚಲಚ್ಚಿತ್ರದ ಬಾಲ್ಯದಲ್ಲಿ ಕ್ಯಾಮರಾವು ನಾಟಕದ ಪ್ರೇಕ್ಷಕನಂತೆ ಒಂದೇ ಕಡೆ ಕುಳಿತು ಇಡೀ ದೃಶ್ಯವನ್ನು ನೋಡುತ್ತಿತ್ತು. ಆಗ ದಿಕ್ಕಿನ ತೊಡಕು ಇರಲಿಲ್ಲ. ಕಾಲಕ್ರಮದಲ್ಲಿ ಕ್ಯಾಮರಾವು ಎದ್ದು ನಡೆದಾಡಲಾರಂಭಿಸಿತು. ಒಮ್ಮೆ ದೂರ ನಿಂತು ಇಡೀ ಸಭೆಯನ್ನು ತೋರಿಸಿತು, ಒಮ್ಮೆ ಹತ್ತಿರ ಬಂದು ಒಂದು ಮುಖವನ್ನು, ಇನ್ನೊಮ್ಮೆ ಒಂದು ಕೈಬೆರಳನ್ನು ತೋರಿಸಿತು. ಕ್ಯಾಮರಾ ಓಡಲಾರಂಭಿಸಿ ನಿಲ್ಲುವವರೆಗಿನ ಒಂದು ತುಂಡಿಗೆ ಷಾಟ್ ಎನ್ನುತ್ತಾರೆ. ಒಂದು ಚಿತ್ರದಲ್ಲಿ ಇಂಥ ನೂರಾರು ಷಾಟುಗಳಿರುತ್ತವೆ. ಅವುಗಳನ್ನು ತೆಗೆಯುವುದು ಕಥೆಯ ಕ್ರಮದಲ್ಲಿ ಅಲ್ಲ. ದೀಪಗಳನ್ನು ಒಂದು ದಿಕ್ಕಿಗೆ ಹೊಂದಿಸಿದ ಮೇಲೆ ಆ ದಿಕ್ಕಿನ ಷಾಟುಗಳನ್ನೆಲ್ಲ ಒಟ್ಟಿಗೆ ತೆಗೆದು, ಬಳಿಕ ದೀಪಗಳನ್ನು ತಿರುಗಿಸಿ ಎದುರು ದಿಕ್ಕಿನವನ್ನು ತೆಗೆಯುವುದು ರೂಢಿ. ಆದುದರಿಂದ ಪ್ರಶ್ನೆಯನ್ನು ಬೆಳಿಗ್ಗೆ ತೆಗೆದು, ಅದರ ಉತ್ತರವನ್ನು ಸಂಜೆಗೋ ಮರುವಾರಕ್ಕೋ ತೆಗೆಯಬೇಕಾಗುತ್ತದೆ. ಪರದೆಯ ಮೇಲೆ ಮಾತ್ರ ಅವೆರಡೂ ಒಂದೇ ಉಸಿರಿನಲ್ಲಿ ನಡೆದಂತೆ ಕಾಣಬೇಕು!

ಇದಕ್ಕೆ ಚಿತ್ರಕಾರರು ಒಂದು ಸರಳವಾದ ಕಟ್ಟಳೆಯನ್ನು ಕಂಡುಕೊಂಡಿದ್ದಾರೆ. ಜಗಲಿಯ ಮೇಲೆ ಇಬ್ಬರು ಎದುರುಬದುರಾಗಿ ಕುಳಿತು ಮಾತನಾಡುತ್ತಿದ್ದಾರೆ ಎನ್ನೋಣ. ಒಬ್ಬರ ಕಣ್ಣಿನಿಂದ ಇನ್ನೊಬ್ಬರ ಕಣ್ಣಿಗೆ ಒಂದು ಗೆರೆಯನ್ನು ಮನಸ್ಸಿನಲ್ಲಿ ಎಳೆಯಿರಿ. ಕ್ಯಾಮರಾವು ಆ ಗೆರೆಯ ಒಂದು ಪಕ್ಕದಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು. ಹತ್ತಿರ ಬರಬಹುದು, ದೂರ ಸರಿಯಬಹುದು, ಒಬ್ಬರ ಹೆಗಲ ಮೇಲಿನಿಂದ ಇನ್ನೊಬ್ಬರನ್ನು ಇಣಿಕಬಹುದು. ಆಗ ಎಡಗಡೆಯವರು ಎಂದಿಗೂ ಬಲಕ್ಕೆ ನೋಡುತ್ತಾರೆ, ಬಲಗಡೆಯವರು ಎಡಕ್ಕೆ ನೋಡುತ್ತಾರೆ; ಇಬ್ಬರ ನೋಟವೂ ಪರಸ್ಪರ ಕೂಡುತ್ತದೆ. ಕ್ಯಾಮರಾವು ಗೆರೆಯನ್ನು ದಾಟಿ ಆಚೆ ಪಕ್ಕಕ್ಕೆ ಹೋದೊಡನೆ ಎಡವು ಬಲವಾಗಿ ಬಲವು ಎಡವಾಗುತ್ತದೆ. ಒಬ್ಬರನ್ನು ಈಚೆಯಿಂದಲೂ ಇನ್ನೊಬ್ಬರನ್ನು ಆಚೆಯಿಂದಲೂ ತೆಗೆದು ಜೋಡಿಸಿದರೆ, ಇಬ್ಬರೂ ಒಂದೇ ಕಡೆಗೆ ಮುಖಮಾಡಿ ಮೂರನೆಯ ಯಾರೊಡನೆಯೋ ಮಾತನಾಡುತ್ತಿರುವಂತೆ ಕಾಣುತ್ತದೆ. ನಮ್ಮ ಆಟದ ಬಯಲಿನಲ್ಲಿ ಕಬಡ್ಡಿ ನಡೆಯುವಾಗ ಇಬ್ಬರು ಗೆಳೆಯರು ಅಂಕಣದ ಎರಡು ಪಕ್ಕಗಳಲ್ಲಿ ನಿಂತು ನೋಡಿದರೆ, ಒಬ್ಬನಿಗೆ ಬಲಕ್ಕೆ ನುಗ್ಗಿದ ಆಟಗಾರನು ಇನ್ನೊಬ್ಬನಿಗೆ ಎಡಕ್ಕೆ ನುಗ್ಗಿರುತ್ತಾನೆ. ಆಟ ಒಂದೇ, ನಿಂತ ಜಾಗ ಬೇರೆ.

ಈ ಕಟ್ಟಳೆಯನ್ನು ಕಂಡುಹಿಡಿದವರು ರೆಡ್ಡಿಯವರಲ್ಲ. ಅವರು ಬರುವ ಮೊದಲೇ ದೇಶವಿದೇಶಗಳ ಚಿತ್ರಕಾರರು ಅದನ್ನು ಬಲ್ಲವರಾಗಿದ್ದರು. ರೆಡ್ಡಿಯವರ ಹಿರಿಮೆ ಬೇರೆ ಬಗೆಯದು. ಚಿತ್ರೀಕರಣದ ಗದ್ದಲದ ನಡುವೆ, ನಟರು ಬಣ್ಣ ಹಚ್ಚಿಕೊಂಡು ಕಾದಿರುವಾಗ, ದೀಪಗಳು ಉರಿಯುತ್ತಿರುವಾಗ ಕ್ಯಾಮರಾವನ್ನು ಎಲ್ಲಿಡೋಣವೆಂದು ಯೋಚಿಸುವುದು ಅವರಿಗೆ ಸಮ್ಮತವಾಗಿರಲಿಲ್ಲ. ಅವರ ಚಿತ್ರವು ಮೊದಲು ಕಾಗದದ ಮೇಲೆ ಪೂರ್ಣವಾಗುತ್ತಿತ್ತು. ಕಥೆ, ಮಾತು, ದೃಶ್ಯಗಳು, ಷಾಟುಗಳ ವಿಂಗಡಣೆ, ಇವೆಲ್ಲವೂ ಬರವಣಿಗೆಯಲ್ಲಿ ತೀರ್ಮಾನವಾದ ಮೇಲೆಯೇ ಅವರು ಸ್ಟುಡಿಯೋವನ್ನು ಹೊಗುತ್ತಿದ್ದರು. ನಟರಿಂದ ಮೊದಲೇ ಮಾತುಗಳನ್ನು ಹೇಳಿಸಿ, ಪ್ರತಿಯೊಂದು ದೃಶ್ಯಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಸ್ಟಾಪ್‌ವಾಚು ಹಿಡಿದು ಅಳೆಯುತ್ತಿದ್ದರು. ಫಿಲ್ಮು ಪರದೆಯ ಮೇಲೆ ನಿಮಿಷಕ್ಕೆ 90 ಅಡಿಗಳಂತೆ ಓಡುತ್ತದೆ. ಆದುದರಿಂದ ಹೊತ್ತನ್ನು ಬಲ್ಲವನು ಉದ್ದವನ್ನೂ, ಉದ್ದವನ್ನು ಬಲ್ಲವನು ಖರ್ಚನ್ನೂ ಬಲ್ಲನು. ಒಂದು ಅಡಿಯೂ ತೆಗೆಯುವ ಮೊದಲೇ ಚಿತ್ರದ ಒಟ್ಟು ಉದ್ದ ಎಷ್ಟೆಂಬುದು ರೆಡ್ಡಿಯವರಿಗೆ ತಿಳಿದಿರುತ್ತಿತ್ತು. ಹಿಂದಿನ ಕ್ಯಾಷಿಯರನು ದಿಗ್ದರ್ಶಕನಿಗೆ ಕಲಿಸಿದ ವಿದ್ಯೆ ಇದು!

ಒಮ್ಮೆ ನಿಶ್ಚಯವಾದ ಬರವಣಿಗೆಯನ್ನು ಅವರು ಯಾರ ಮುಲಾಜಿಗೂ ಬದಲಿಸುತ್ತಿರಲಿಲ್ಲ. ಇದರಿಂದ ಅವರನ್ನು ಬಯಸಿದವರು ಕಾಯಬೇಕಾಗುತ್ತಿತ್ತು. ಅಕ್ಕಿನೇನಿ ನಾಗೇಶ್ವರರಾಯರೂ ಅವರ ಗೆಳೆಯರೂ ಸ್ಥಾಪಿಸಿದ ಅನ್ನಪೂರ್ಣಾ ಸಂಸ್ಥೆಯು ತನ್ನ ಮೊದಲ ಚಿತ್ರವನ್ನು ರೆಡ್ಡಿಯವರೇ ಮಾಡಿಕೊಡಬೇಕೆಂದು ಹಟ ಹಿಡಿದು ಅವರಿಗಾಗಿ ಕಾದಿತು. ಹಾಗೆ ಹೊರಬಂದ 1955ರ ‘ದೊಂಗ ರಾಮುಡು’ ಚಿತ್ರವು ಮುಂದೆ ಪುಣೆಯ ಚಲಚ್ಚಿತ್ರ ಶಿಕ್ಷಣ ಸಂಸ್ಥೆಯ ಪಾಠಗಳಲ್ಲಿ ಸೇರಿತು. ಅದರ ಹಿಂದಿನ ವರ್ಷದ ‘ಪೆದ್ದ ಮನುಷುಲು’ ಚಿತ್ರಕ್ಕೆ ರಾಷ್ಟ್ರಪತಿಗಳ ಬೆಳ್ಳಿಯ ಪದಕ ಬಂದಿತ್ತು.

ರೆಡ್ಡಿಯವರ ಹೆಸರು ಮನೆಮಾತಾದದ್ದು 1951ರ ‘ಪಾತಾಳಭೈರವಿ’ಯಿಂದ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರ ವಿಜಯಾ ಸಂಸ್ಥೆಯು ಮದರಾಸಿನ ವಾಹಿನಿ ಸ್ಟುಡಿಯೋದಲ್ಲಿ ಇದನ್ನು ತೆಗೆಯಿತು. ಕಥೆ ಮಾತುಗಳನ್ನು ಪಿಂಗಳಿ ನಾಗೇಂದ್ರರಾಯರು ಬರೆದರು. ಕ್ಯಾಮರಾವನ್ನು ಹಿಡಿದವರು ಮಾರ್ಕಸ್ ಬಾರ್ಟ್ಲಿಯವರು. 1952ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆದಾಗ ‘ಪಾತಾಳಭೈರವಿ’ಯು ಅಲ್ಲಿ ಪ್ರದರ್ಶಿತವಾಯಿತು.

ಮದರಾಸಿನಲ್ಲಿ ತಯಾರಾದ ಈ ಚಿತ್ರಗಳ ಭಾಗ್ಯವು ತೀರ್ಮಾನವಾಗುತ್ತಿದ್ದುದು ಆಂಧ್ರದ ಊರುಗಳಲ್ಲಿ. ವಿಜಯವಾಡದ ಗಾಂಧಿನಗರವು ಚಿತ್ರ ಹಂಚಿಕೆದಾರರ ಬೀಡಾಗಿ ಬೆಳೆಯಿತು. ಆ ಊರಿನಲ್ಲಿ 1921ರಷ್ಟು ಹಿಂದೆಯೇ ಮಾರುತಿ ಚಿತ್ರಮಂದಿರವು ಎದ್ದಿತ್ತು. ಅಲ್ಲಿಂದ ಚಿತ್ರಗಳ ಡಬ್ಬಗಳು ರೈಲು ಹತ್ತಿ ಡೆಲ್ಟಾ ಪ್ರದೇಶದ ಊರುಗಳಿಗೂ ಉತ್ತರದಲ್ಲಿ ವಿಶಾಖಪಟ್ಟಣಕ್ಕೂ ಹೋಗುತ್ತಿದ್ದವು. ವಿಜಯವಾಡದ ವ್ಯಾಪಾರಿ, ವಿಶಾಖಪಟ್ಟಣದ ಬಂದರಿನ ಕೂಲಿ, ಹಳ್ಳಿಯಿಂದ ಬಂಡಿ ಕಟ್ಟಿಕೊಂಡು ಬಂದ ಒಕ್ಕಲಿಗ, ಅಕ್ಷರವನ್ನರಿಯದ ಅಜ್ಜಿ, ಇವರೆಲ್ಲರೂ ಒಂದೇ ಬಿಳಿಯ ಪರದೆಯ ಮುಂದೆ ಕೂಡುತ್ತಿದ್ದರು. ಕ್ಯಾಮರಾದ ಕಟ್ಟಳೆಗಳನ್ನು ಅವರು ಅರಿಯರು, ಅರಿಯಬೇಕಾಗಿಯೂ ಇಲ್ಲ. ಆದರೆ ದಿಕ್ಕು ತಪ್ಪಿದ ಒಂದು ಷಾಟು ಬಂದರೆ ಅವರ ಮನಸ್ಸು ಕಥೆಯಿಂದ ಕಳಚಿಕೊಳ್ಳುತ್ತದೆ. ಹುಳುಕು ಎಲ್ಲಿದೆ ಎಂದು ಹೇಳಲಾರರು, ಏನೋ ಅರ್ಥವಾಗಲಿಲ್ಲವೆಂದು ಎದ್ದುಹೋಗುತ್ತಾರೆ. ಹಾಗೆ ಯಾರನ್ನೂ ಕಳೆದುಕೊಳ್ಳಬಾರದೆಂಬುದು ರೆಡ್ಡಿಯವರ ಕೆಲಸದ ನಡುವಣ ಶ್ರದ್ಧೆಯಾಗಿತ್ತೆಂದು ಅವರ ಚಿತ್ರಗಳನ್ನು ನೋಡಿದ ನಮಗೆ ತೋರುತ್ತದೆ.

ಈ ಶ್ರದ್ಧೆಗೆ ಕಠಿನವಾದ ಪರೀಕ್ಷೆ ಬಂದದ್ದು ‘ಮಾಯಾಬಜಾರ್’ ಚಿತ್ರದಲ್ಲಿ. ಕಥೆಯು ನಮ್ಮ ನಾಟಕಗಳಲ್ಲಿಯೂ ಬಂದಿರುವ ಶಶಿರೇಖಾ ಪರಿಣಯದ್ದೇ. ಬಲರಾಮನ ಮಗಳಾದ ಶಶಿರೇಖೆಯನ್ನು ಅಭಿಮನ್ಯುವಿಗೆ ಕೊಡುವುದೆಂದು ಮಾತಾಗಿರುತ್ತದೆ. ಪಾಂಡವರು ರಾಜ್ಯವನ್ನು ಕಳೆದುಕೊಂಡ ಮೇಲೆ ಆ ಮಾತು ಮುರಿದು, ದುರ್ಯೋಧನನ ಮಗನಾದ ಲಕ್ಷ್ಮಣಕುಮಾರನಿಗೆ ಅವಳನ್ನು ಕೊಡಲು ಸಿದ್ಧತೆಯಾಗುತ್ತದೆ. ಆಗ ಘಟೋತ್ಕಚನು ಕೃಷ್ಣನ ಸಮ್ಮತಿಯಿಂದ ಮಾಯೆಯ ನಗರವನ್ನು ನಿರ್ಮಿಸಿ, ತಾನೇ ಶಶಿರೇಖೆಯ ರೂಪವನ್ನು ತಾಳಿ ಕೌರವರನ್ನು ಮೂರ್ಖರನ್ನಾಗಿ ಮಾಡುತ್ತಾನೆ. ಪಾಂಡವರ ಸಂಕಟವೇ ಕಥೆಗೆ ಮೂಲವಾದರೂ ಇಡೀ ಚಿತ್ರದಲ್ಲಿ ಪಾಂಡವರು ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ನೋಡುವವರಲ್ಲಿ ಬಹುಮಂದಿ ಇದನ್ನು ಗಮನಿಸುವುದೇ ಇಲ್ಲ!

ಖರ್ಚಿಗೆ ಅಂಜಿ ಈ ಚಿತ್ರವನ್ನು ಕೈಬಿಡುವ ಯೋಚನೆಯೂ ಒಮ್ಮೆ ಬಂದಿತ್ತು. ಎನ್. ಟಿ. ರಾಮರಾಯರು ಹಿಂದೊಮ್ಮೆ ಧರಿಸಿದ್ದ ಕೃಷ್ಣವೇಷವು ಜನರಿಗೆ ರುಚಿಸಿರಲಿಲ್ಲವಾದುದರಿಂದ ಅವರೂ ಹಿಂಜರಿದಿದ್ದರು. ರೆಡ್ಡಿಯವರು ಎಲ್ಲರಿಗೂ ಧೈರ್ಯವಿತ್ತು ಕೆಲಸವನ್ನು ಮುಂದುವರಿಸಿದರು. ಗೋಖಲೆ ಮತ್ತು ಕಲಾಧರ ಎಂಬ ಕಲಾವಿದರು 50 ಅಡಿ ಅಗಲ 60 ಅಡಿ ಉದ್ದದ ಜಾಗದಲ್ಲಿ ದೀಪಗಳು ಮಿನುಗುವ ಸುಮಾರು 300 ಪುಟ್ಟ ಮನೆಗಳನ್ನು ಕಟ್ಟಿ ದ್ವಾರಕೆಯನ್ನು ಸೃಷ್ಟಿಸಿದರು. ಕ್ಯಾಮರಾ ಸರಿಯಾದ ಎತ್ತರದಲ್ಲಿ, ಸರಿಯಾದ ದೂರದಲ್ಲಿ ನಿಂತರೆ ಮಾತ್ರ ಅದು ಮಹಾನಗರ. ಸ್ವಲ್ಪ ತಪ್ಪಿದರೆ ಬೊಂಬೆಹಬ್ಬದ ಅಲಂಕಾರ.

ಇನ್ನೊಂದು ತೊಡಕೂ ಇತ್ತು. ಚಿತ್ರವನ್ನು ತೆಲುಗು ಮತ್ತು ತಮಿಳು ಎರಡು ಭಾಷೆಗಳಲ್ಲಿಯೂ ತೆಗೆಯಬೇಕಾಗಿತ್ತು. ರಾಮರಾಯರ ಕೃಷ್ಣ, ಸಾವಿತ್ರಿಯವರ ಶಶಿರೇಖೆ, ಎಸ್. ವಿ. ರಂಗರಾಯರ ಘಟೋತ್ಕಚ ಎರಡರಲ್ಲಿಯೂ ಇದ್ದರು. ಅಭಿಮನ್ಯುವಾಗಿ ತೆಲುಗಿನಲ್ಲಿ ನಾಗೇಶ್ವರರಾಯರೂ ತಮಿಳಿನಲ್ಲಿ ಜೆಮಿನಿ ಗಣೇಶನ್ ಅವರೂ ಅಭಿನಯಿಸಿದರು. ಒಂದೇ ದೃಶ್ಯಕ್ಕೆ ಎರಡು ಸಲ ಮಾತು, ಎರಡು ಸಲ ನಟನೆ. ಎಲ್ಲವೂ ಬರವಣಿಗೆಯಲ್ಲಿ ಇಲ್ಲದಿದ್ದರೆ ಯಾವ ಷಾಟಿನಲ್ಲಿ ಯಾರು ಎತ್ತ ನೋಡುತ್ತಿದ್ದರೆಂಬುದನ್ನು ಯಾರು ತಾನೇ ನೆನಪಿಡಬಲ್ಲರು?

ಈ ಚಿತ್ರವನ್ನು ನಿಮ್ಮಲ್ಲಿ ಹಲವರು ಕನ್ನಡದ ಮಾತುಗಳೊಡನೆಯೂ ನೋಡಿರಬಹುದು. ಇನ್ನೊಮ್ಮೆ ನೋಡುವಾಗ ಕಾಡಿನಲ್ಲಿ ಅಭಿಮನ್ಯುವೂ ಘಟೋತ್ಕಚನೂ ಪರಸ್ಪರ ಗುರುತಿಲ್ಲದೆ ಹೋರಾಡುವ ಭಾಗವನ್ನು ಗಮನಿಸಿರಿ. ಇಬ್ಬರೂ ದೂರದೂರ ನಿಂತಿರುತ್ತಾರೆ. ಬಿಲ್ಲಿನಿಂದ ಹೊರಟ ಬಾಣವು ಒಂದು ಷಾಟಿನಲ್ಲಿ ಚೌಕಟ್ಟಿನಿಂದ ಹೊರಗೆ ಹಾರಿ, ಮತ್ತೊಂದರಲ್ಲಿ ಎದುರಾಳಿಯ ಕಡೆಗೆ ಬರಬೇಕು. ಬಲಕ್ಕೆ ಹಾರಿದ ಬಾಣವು ಮುಂದಿನ ಚಿತ್ರದೊಳಗೆ ಎಡಗಡೆಯಿಂದಲೇ ಪ್ರವೇಶಿಸಿದರೆ ಮಾತ್ರ ಅದು ಅದೇ ಬಾಣವೆಂದು ನಾವು ನಂಬುತ್ತೇವೆ. ಕ್ಯಾಮರಾ ಗೆರೆಯನ್ನು ದಾಟಿದ್ದೇ ಆದರೆ ಅಣ್ಣತಮ್ಮಂದಿರು ಒಬ್ಬರ ಹಿಂದೊಬ್ಬರು ನಿಂತು ಕಾಣದ ಶತ್ರುವಿನ ಮೇಲೆ ಬಾಣ ಬಿಡುತ್ತಿರುವಂತೆ ತೋರುತ್ತಿತ್ತು.

ಇದಕ್ಕಿಂತಲೂ ನಾಜೂಕಾದದ್ದು ಪ್ರಿಯದರ್ಶಿನಿಯೆಂಬ ಮಾಯಾಪೆಟ್ಟಿಗೆಯ ಪ್ರಸಂಗ. ತೆರೆದು ನೋಡಿದವರಿಗೆ ಅವರವರಿಗೆ ಪ್ರಿಯವಾದುದನ್ನು ಅದು ತೋರಿಸುತ್ತದೆ. ಬೇರೆ ಬೇರೆ ಊರುಗಳಲ್ಲಿರುವ ಶಶಿರೇಖೆಯೂ ಅಭಿಮನ್ಯುವೂ ಅದರ ಮೂಲಕ ಪರಸ್ಪರರನ್ನು ಕಾಣುತ್ತಾರೆ. ಫೋನಿನಲ್ಲಿ ಮುಖ ನೋಡಿ ಮಾತನಾಡುವ ಇಂದಿನ ಮಕ್ಕಳಿಗೆ ಇದು ಸೋಜಿಗವೆನಿಸದು. 1957ರ ಪ್ರೇಕ್ಷಕನಿಗಾದರೋ ಇದು ಹೊಸದು. ಇಬ್ಬರ ನಡುವೆ ನೆಲವೇ ಇಲ್ಲದಿರುವಾಗ ಅವರನ್ನು ಕೂಡಿಸುವ ಸೇತುವೆ ಯಾವುದು? ಅವರ ಕಣ್ಣುಗಳ ನೋಟವೇ. ಆ ನೋಟದ ಎತ್ತರವೂ ದಿಕ್ಕೂ ಹೊಂದಿಕೊಂಡಿದ್ದರೆ ದೂರವು ಅಳಿದುಹೋಗುತ್ತದೆ. ಅವು ಹೊಂದದಿದ್ದರೆ ಎಂಥ ಮಾಯಾಪೆಟ್ಟಿಗೆಯೂ ಬರಿಯ ಮರದ ಪೆಟ್ಟಿಗೆಯಾಗುತ್ತದೆ.

ಘಟೋತ್ಕಚನು ಮದುವೆಯ ಅಡಿಗೆಯನ್ನೆಲ್ಲ ಒಬ್ಬನೇ ಉಣ್ಣುವ ದೃಶ್ಯವನ್ನು ಕಂಡು ನಗದವರು ಉಂಟೆ? ಲಡ್ಡುಗಳು ತಾವಾಗಿಯೇ ಹಾರಿ ಅವನ ಬಾಯನ್ನು ಸೇರುತ್ತವೆ. ಇಂಥ ಯಕ್ಷಿಣಿಗಳನ್ನು ಬಾರ್ಟ್ಲಿಯವರು ಗಣಕಯಂತ್ರದ ಸಹಾಯವಿಲ್ಲದೆ, ಕ್ಯಾಮರಾದ ಚಾತುರ್ಯದಿಂದಲೇ ಸಾಧಿಸಬೇಕಾಗಿತ್ತು. 1961ರ ‘ಜಗದೇಕವೀರುನಿ ಕಥೆ’ಯಲ್ಲಿ ಇವರಿಬ್ಬರೂ ಮತ್ತೊಂದು ವಿಸ್ಮಯವನ್ನು ತೋರಿಸಿದರು. ಒಂದು ಹಾಡಿನಲ್ಲಿ ರಾಮರಾಯರೇ ಹಲವು ರೂಪಗಳನ್ನು ತಾಳಿ, ಒಂದೇ ಚೌಕಟ್ಟಿನಲ್ಲಿ ಹಾಡುತ್ತ ಬೇರೆ ಬೇರೆ ವಾದ್ಯಗಳನ್ನು ನುಡಿಸುತ್ತಾರೆ. ಇಂಥ ಚಿತ್ರವನ್ನು ತೆಗೆಯುವಾಗ ಫಿಲ್ಮಿನ ಒಂದೊಂದು ಭಾಗಕ್ಕೆ ಮಾತ್ರ ಬೆಳಕು ಬೀಳುವಂತೆ ಮರೆಮಾಡಿ, ಅದೇ ಫಿಲ್ಮನ್ನು ಮತ್ತೆ ಮತ್ತೆ ಓಡಿಸುತ್ತಾರೆ. ಅಷ್ಟು ಹೊತ್ತೂ ಕ್ಯಾಮರಾವು ಕೂದಲೆಳೆಯಷ್ಟೂ ಅಲುಗಬಾರದು. ಅಲುಗಿದರೆ ರೂಪ ರೂಪಗಳ ನಡುವಣ ಹೊಲಿಗೆ ಬಯಲಾಗುತ್ತದೆ.

‘ಮಾಯಾಬಜಾರ್’ ಚಿತ್ರವು 1957ನೆಯ ಇಸವಿ ಮಾರ್ಚ್ 27ರಂದು ತೆಲುಗಿನಲ್ಲಿ ಬಿಡುಗಡೆಯಾಯಿತು. ಮೂರು ಗಂಟೆಗಳಿಗೂ ಮಿಕ್ಕು ನಡೆಯುವ, 16,000 ಅಡಿಗಳಿಗೂ ಹೆಚ್ಚು ಉದ್ದದ ಈ ಚಿತ್ರವನ್ನು ಜನರು ಮತ್ತೆ ಮತ್ತೆ ನೋಡಿದರು. 2010ರಲ್ಲಿ ಅದಕ್ಕೆ ಬಣ್ಣ ತುಂಬಿ ಪುನಃ ತೋರಿಸಿದರು. 2013ರಲ್ಲಿ ಒಂದು ದೂರದರ್ಶನ ವಾಹಿನಿಯು ನಡೆಸಿದ ಮತದಾನದಲ್ಲಿ ಜನರು ಅದನ್ನು ಭಾರತದ ಚಿತ್ರಗಳಲ್ಲೆಲ್ಲ ಶ್ರೇಷ್ಠವೆಂದು ಆರಿಸಿದರು.

ಇಷ್ಟಕ್ಕೇ ಕಥೆಯನ್ನು ನಿಲ್ಲಿಸಿದರೆ ನಾವು ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ರೆಡ್ಡಿಯವರು ಸೋಲನ್ನೂ ಕಂಡರು. 1965ರಲ್ಲಿ ಅವರು ರಾಮರಾಯರನ್ನು ನಾಯಕರನ್ನಾಗಿರಿಸಿ ತೆಲುಗಿನಲ್ಲಿ ತೆಗೆದ ‘ಸತ್ಯ ಹರಿಶ್ಚಂದ್ರ’ವು ಜನರನ್ನು ಒಲಿಸಿಕೊಳ್ಳಲಿಲ್ಲ. ಅದೇ ವರ್ಷ ಅದೇ ಕಥೆಯನ್ನು ಅವರ ನಿರ್ಮಾಣದಲ್ಲಿಯೇ ಹುಣಸೂರು ಕೃಷ್ಣಮೂರ್ತಿಯವರು ಕನ್ನಡದಲ್ಲಿ ತೆಗೆದರು. ಡಾ. ರಾಜ್‌ಕುಮಾರರು ಹರಿಶ್ಚಂದ್ರನಾದ ಆ ಚಿತ್ರವನ್ನು ಕನ್ನಡಿಗರು ಇಂದಿಗೂ ಮರೆತಿಲ್ಲ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು. ತಮ್ಮ ಕೈಯಲ್ಲಿ ಸೋತ ಕಥೆಯು ಇನ್ನೊಬ್ಬರ ಕೈಯಲ್ಲಿ, ನೆರೆಯ ನುಡಿಯಲ್ಲಿ ಗೆದ್ದುದನ್ನು ಅವರು ಕಣ್ಣಾರೆ ಕಂಡರು. 1968ರಲ್ಲಿ ಅವರು ತೆಗೆದ ಎರಡು ಚಿತ್ರಗಳೂ ನೆಲಕಚ್ಚಿದವು. ಕಾಲ ಬದಲಾಗಿತ್ತು. ಬಣ್ಣದ ಚಿತ್ರಗಳು, ಅವಸರದ ಕಥೆಗಳು ಬಂದಿದ್ದವು. ಕಾಗದದ ಮೇಲಿನ ಲೆಕ್ಕವು ಎಷ್ಟು ಸರಿಯಾಗಿದ್ದರೂ ಜನರ ಅಭಿರುಚಿಯನ್ನು ಅಳೆಯುವ ಸ್ಟಾಪ್‌ವಾಚು ಯಾರ ಕೈಯಲ್ಲಿಯೂ ಇಲ್ಲವಲ್ಲ!

ಇಂಥ ಹೊತ್ತಿನಲ್ಲಿಯೂ ಅವರು ಕೆಲಸವನ್ನು ಬಿಡಲಿಲ್ಲ. ರಾಮರಾಯರು ಮತ್ತೆ ಕೃಷ್ಣನಾಗಿ ಕಾಣಿಸಿಕೊಂಡ ‘ಶ್ರೀ ಕೃಷ್ಣ ಸತ್ಯ’ವು ರೆಡ್ಡಿಯವರ ಕೊನೆಯ ಚಿತ್ರವಾಯಿತು. 1972ನೆಯ ಇಸವಿ ಸೆಪ್ಟೆಂಬರ್ 15ರಂದು, ತಮ್ಮ 60ನೆಯ ವಯಸ್ಸಿನಲ್ಲಿ, ಅವರು ಕೀರ್ತಿಶೇಷರಾದರು. ಮೂವತ್ತು ವರ್ಷಗಳಲ್ಲಿ ಅವರು ದಿಗ್ದರ್ಶಿಸಿದ ಚಿತ್ರಗಳ ಸಂಖ್ಯೆ ಇಪ್ಪತ್ತನ್ನೂ ಮುಟ್ಟಲಿಲ್ಲ. ಆದರೆ ಅವರ ಬಳಿ ಸಹಾಯಕರಾಗಿ ಕಲಿತ ಸಿಂಗೀತಂ ಶ್ರೀನಿವಾಸರಾಯರು ಮುಂದೆ ಕನ್ನಡಕ್ಕೂ ಬಂದು, ‘ಹಾಲು ಜೇನು’ ಮುಂತಾದ ಚಿತ್ರಗಳನ್ನು ನಮಗೆ ಕೊಟ್ಟರು. ಪಿನಾಕಿನಿಯ ನೀರು ನಮ್ಮಿಂದ ತಾಡಿಪತ್ರಿಗೆ ಹರಿದರೆ, ತಾಡಿಪತ್ರಿಯ ವಿದ್ಯೆಯು ಹೀಗೆ ನಮ್ಮ ಕಡೆಗೆ ಹರಿದುಬಂದಿತು.

ಕ್ಯಾಮರಾದ ಗೆರೆಯು ದೈವಾಜ್ಞೆಯೇನೂ ಅಲ್ಲ. ಜಪಾನಿನ ಓಜು ಎಂಬ ಮಹಾ ದಿಗ್ದರ್ಶಕರು ಅದನ್ನು ಬೇಕೆಂದೇ ಎಷ್ಟೋ ಬಾರಿ ದಾಟಿದರು. ಆದರೆ ಬಲ್ಲವನು ದಾಟುವುದಕ್ಕೂ ಅರಿಯದವನು ಎಡವುವುದಕ್ಕೂ ಬಹಳ ಅಂತರವಿದೆ. ಮೊದಲು ಗೆರೆ ಎಲ್ಲಿದೆ ಎಂಬುದನ್ನು ತಿಳಿಯಬೇಕು.

ವಿದ್ಯಾರ್ಥಿಮಿತ್ರರೇ, ಇಂದು ನಿಮ್ಮ ಮನೆಮನೆಯ ಫೋನಿನಲ್ಲಿಯೂ ಒಂದು ಕ್ಯಾಮರಾ ಇದೆ. ಶಾಲೆಯ ವಾರ್ಷಿಕೋತ್ಸವದ ನಾಟಕವನ್ನೋ ಗೆಳೆಯರ ಆಟವನ್ನೋ ತೆಗೆಯುವ ಮುನ್ನ ಒಂದು ಕ್ಷಣ ನಿಂತು ಯೋಚಿಸಿರಿ. ಯಾರು ಯಾರನ್ನು ನೋಡುತ್ತಿದ್ದಾರೆ? ನೀವು ಗೆರೆಯ ಯಾವ ಪಕ್ಕದಲ್ಲಿ ನಿಂತಿದ್ದೀರಿ? ಮುಂದಿನ ತುಂಡನ್ನು ಎಲ್ಲಿಂದ ತೆಗೆಯುವಿರಿ? ಒಂದು ಹಾಳೆಯ ಮೇಲೆ ಬರೆದುಕೊಂಡು ಹೊರಡಿರಿ. ಈ ಅಭ್ಯಾಸವು ಕ್ಯಾಮರಾಕ್ಕೆ ಮಾತ್ರ ಉಪಯೋಗವಾಗುವುದೆಂದು ತಿಳಿಯಬೇಡಿ. ಪ್ರಬಂಧವನ್ನು ಬರೆಯುವವನೂ, ಪಾಠವನ್ನು ಹೇಳುವವನೂ, ಸಭೆಯಲ್ಲಿ ಮಾತನಾಡುವವನೂ ಕೇಳುಗರ ಕೈಹಿಡಿದು ನಡೆಸುವ ದಿಗ್ದರ್ಶಕನೇ. ತಾನು ಎತ್ತ ಹೋಗುತ್ತಿದ್ದೇನೆಂಬುದನ್ನು ಮೊದಲು ತಾನು ಅರಿತು, ಜೊತೆಗೆ ಬಂದವರನ್ನು ನಡುದಾರಿಯಲ್ಲಿ ಕೈಬಿಡದಿರುವುದು ದೊಡ್ಡ ಗುಣ. ಮುಂದೊಮ್ಮೆ ನೀವು ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಗಾಡಿ ಹತ್ತಿದಾಗ, ಕಿಟಕಿಯ ಬಳಿ ಕುಳಿತು, ಕೆ. ವಿ. ರೆಡ್ಡಿಯವರನ್ನು ಒಮ್ಮೆ ನೆನೆಯಿರಿ.